ಕಿಟಕಿಯ ಪಕ್ಕದ ಕೊಕ್ಕೆ: ಪರದೆಯ ಹೋಲ್ಡ್‌ಬ್ಯಾಕ್ ಎಲ್ಲಿ ಕೂರಬೇಕು, ಹೇಗೆ ಕೂರಿಸಬೇಕು

ನಮ್ಮ ನಡುಮನೆಯ ಕಿಟಕಿ ಪಡುವಣಕ್ಕಿದೆ. ಮಧ್ಯಾಹ್ನ ಮೂರು ಗಂಟೆಯ ನಂತರ ಪರದೆ ಎಳೆಯದೆ ಅಲ್ಲಿ ಕೂರಲಾಗುವುದಿಲ್ಲ. ಬೆಳಗ್ಗೆ ಅದೇ ಪರದೆ ಪೂರ್ತಿ ಸರಿಯದಿದ್ದರೆ ಓದುವ ಮೇಜಿಗೆ ಬೆಳಕು ಬೀಳುವುದಿಲ್ಲ. ರಾಡಿನ ತುದಿಗೆ ಎಷ್ಟೇ ಒತ್ತಿ ಸರಿಸಿದರೂ ಫ್ಯಾನಿನ ಗಾಳಿಗೆ ಬಟ್ಟೆ ಉಬ್ಬಿ ಅರ್ಧ ಕಿಟಕಿಯನ್ನು ಮತ್ತೆ ಮುಚ್ಚುತ್ತಿತ್ತು. ಅದಕ್ಕಾಗಿ ಗೋಡೆಗೆ, ಸರಿಸಿದ ಪರದೆಯನ್ನು ಪಕ್ಕದಲ್ಲೇ ಹಿಡಿದಿಡುವ ಎರಡು ಕೊಕ್ಕೆ, ಅಂದರೆ ಹೋಲ್ಡ್‌ಬ್ಯಾಕ್ ಹಾಕಿಸಿದೆ. ಕೆಲಸದವರು ಟೇಪು ಹಿಡಿದು, ನೆಲದಿಂದ ಸರಿಯಾಗಿ ಅಳೆದು, ಎರಡೂ ಕಡೆ ಚೊಕ್ಕವಾಗಿ ತೂತು ಕೊರೆದರು. ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಪರದೆಯನ್ನು ಸಿಕ್ಕಿಸಿ ನೋಡಿದರೆ ಅದರ ಒಳ ಅಂಚು ಕಿಟಕಿಯ ಹಲಗೆಗಿಂತ ಮೇಲೆ ಜೋತು, ಕುಪ್ಪಸ ಗಿಡ್ಡವಾದಂತೆ ಕಾಣುತ್ತಿತ್ತು. ಎರಡೂ ತೂತುಗಳನ್ನು ಮುಚ್ಚಿ, ಬಣ್ಣ ಬಳಿದು, ಹೊಸದಾಗಿ ಕೊರೆಯಬೇಕಾಯಿತು.

ಆ ಕೆಲಸದಿಂದ ನಾನು ಕಲಿತದ್ದು ಇಷ್ಟು: ಕೊಕ್ಕೆಯ ಜಾಗವನ್ನು ಕಿಟಕಿ ಗೊತ್ತುಮಾಡುವುದಿಲ್ಲ, ಪರದೆ ಗೊತ್ತುಮಾಡುತ್ತದೆ. ತೂಗುಹಾಕಿದ ಪರದೆಯನ್ನು ಕೈಯಲ್ಲಿ ಹಿಡಿದು ನೋಡುವ ಮೊದಲು ಟೇಪನ್ನು ಮುಟ್ಟಬೇಡಿ.

ಮೊದಲು ಏನನ್ನು ಕೊಳ್ಳಬೇಕು

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆಗಳು ಸಿಗುತ್ತವೆ. ಮೊದಲನೆಯದು ಲೋಹದ ಬಾಗಿದ ತೋಳು. ಗೋಡೆಯಿಂದ ಮುಂದೆ ಬಂದು ಪಕ್ಕಕ್ಕೆ ತಿರುಗಿರುತ್ತದೆ, ಪರದೆಯನ್ನು ಅದರ ಹಿಂದೆ ತೂರಿಸಿದರೆ ಸಾಕು. ಎರಡನೆಯದು ಗಿಡ್ಡ ಕಾಂಡದ ಮೇಲೆ ಕುಳಿತ ಗುಂಡು ಬಿಲ್ಲೆ. ಬಟ್ಟೆ ಬಿಲ್ಲೆಯ ಹಿಂದೆ ಕೂರುತ್ತದೆ. ಮೂರನೆಯದು ಬರೀ ಚಿಕ್ಕ ಕೊಕ್ಕೆ. ಪರದೆಯ ಸುತ್ತ ಬಟ್ಟೆಯ ಪಟ್ಟಿ ಅಥವಾ ಹುರಿಯನ್ನು ಬಳಸಿ, ಅದರ ಎರಡೂ ತುದಿಯ ಬಳೆಗಳನ್ನು ಕೊಕ್ಕೆಗೆ ಹಾಕುವುದು. ಇದನ್ನು ಟೈಬ್ಯಾಕ್ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ತೆರೆದು ಮುಚ್ಚುವ ಪರದೆಗೆ ತೋಳೇ ಅನುಕೂಲ, ಒಂದೇ ಕೈಯಲ್ಲಿ ಕೆಲಸ ಮುಗಿಯುತ್ತದೆ. ಅಪರೂಪಕ್ಕೆ ಮುಚ್ಚುವ ಕಿಟಕಿಗೆ ಪಟ್ಟಿ ಚೆಂದ. ಹಳೆಯ ಇಳಕಲ್ ಸೀರೆಯ ದಡಿ ಅಥವಾ ಗುಳೇದಗುಡ್ಡದ ಖಣದ ತುಂಡು ಮನೆಯಲ್ಲಿದ್ದರೆ ಮೂರು ಇಂಚು ಅಗಲ, ಎರಡು ಅಡಿ ಉದ್ದದ ಪಟ್ಟಿ ಹೊಲಿಸಿ. ಅಂಗಡಿಯ ಮಿರುಗುವ ಹುರಿಗಿಂತ ಅದು ನನಗೆ ಎಷ್ಟೋ ಮೇಲು.

ಕೊಳ್ಳುವಾಗ ತೋಳಿನ ಆಳವನ್ನು, ಅಂದರೆ ಗೋಡೆಯಿಂದ ಅದು ಎಷ್ಟು ಮುಂದೆ ಚಾಚುತ್ತದೆ ಎಂಬುದನ್ನು ನೋಡಿ. ತೆಳು ಪರದೆಗೆ 3 ಇಂಚು ಸಾಕು. ಅಸ್ತರಿ ಇರುವ ದಪ್ಪ ಪರದೆ ಮಡಿಕೆಯಾದಾಗ 4ರಿಂದ 5 ಇಂಚು ಜಾಗ ಬೇಡುತ್ತದೆ. ರಾಡು ಗೋಡೆಯಿಂದ ಎಷ್ಟು ಮುಂದಿದೆಯೋ ತೋಳೂ ಸುಮಾರು ಅಷ್ಟೇ ಮುಂದಿರುವುದು ಒಳ್ಳೆಯದು. ಕಡಿಮೆಯಾದರೆ ಬಟ್ಟೆ ಗೋಡೆಗೆ ಒತ್ತಿಕೊಳ್ಳುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಗೋಡೆಗೆ ಅಂಟಿ ನಿಂತ ಬಟ್ಟೆಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಅಲ್ಲಿನವರು ಬಣ್ಣ ಬಳಿದ ಕಬ್ಬಿಣದ ಕೊಕ್ಕೆಯನ್ನೂ ಬಿಡುವುದು ಲೇಸು. ತುಕ್ಕಿನ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ. 304 ದರ್ಜೆಯ ಸ್ಟೀಲ್ ಆಗಲಿ, ಮರದ್ದಾಗಲಿ ಕೊಳ್ಳಿ.

ಎತ್ತರ: ಪರದೆಯನ್ನು ಕೈಯಲ್ಲಿ ಹಿಡಿದು ನೋಡಿ

ಹತ್ತಿಯ ಹೊಸ ಪರದೆಯಾದರೆ ಮೊದಲು ಒಮ್ಮೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ತೂಗುಹಾಕಿ. ಮೊದಲ ಒಗೆತಕ್ಕೆ 7 ಅಡಿಯ ಹತ್ತಿ ಬಟ್ಟೆ ಎರಡು ಮೂರು ಇಂಚು ಕುಗ್ಗಬಹುದು. ಕೊಕ್ಕೆ ಹಾಕಿದ ಮೇಲೆ ಕುಗ್ಗಿದರೆ ಲೆಕ್ಕವೆಲ್ಲ ತಪ್ಪುತ್ತದೆ. ರಾಡು ಓರೆಯಾಗಿದ್ದರೆ ಅದನ್ನೂ ಈಗಲೇ ಸರಿಪಡಿಸಿ.

ನಂತರ ಮನೆಯವರೊಬ್ಬರನ್ನು ಕರೆಯಿರಿ. ಅವರು ಪರದೆಯನ್ನು ಬೇರೆ ಬೇರೆ ಎತ್ತರದಲ್ಲಿ ಗೋಡೆಯ ಕಡೆಗೆ ಎಳೆದು ಹಿಡಿಯಲಿ. ನೀವು ಕೋಣೆಯ ಎದುರು ಗೋಡೆಯ ಬಳಿ ನಿಂತು ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ, ಸೋಫಾದಲ್ಲಿ ಅಥವಾ ಮಂಚದ ಮೇಲೆ ಕುಳಿತೂ ನೋಡಿ. ಮನೆಯಲ್ಲಿ ನಾವು ಕಿಟಕಿಯನ್ನು ನೋಡುವುದು ಹೆಚ್ಚಾಗಿ ಕುಳಿತೇ.

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ಹಳೆಯ ರೂಢಿಯೊಂದಿದೆ: ಪರದೆಯ ಉದ್ದವನ್ನು ಮೂರು ಪಾಲು ಮಾಡಿ, ಕೆಳಗಿನಿಂದ ಒಂದನೇ ಪಾಲು ಮುಗಿಯುವಲ್ಲಿ ಅಥವಾ ಎರಡನೇ ಪಾಲು ಮುಗಿಯುವಲ್ಲಿ ಕೊಕ್ಕೆ. ಸರಿಯಾಗಿ ನಡುವಿಗೆ ಕಟ್ಟಿದರೆ ಪರದೆ ಎರಡು ಸಮ ತುಂಡಾಗಿ ಕಾಣುತ್ತದೆ, ಸೊಂಟ ಬಿಗಿದ ಮೂಟೆಯ ಹಾಗೆ. ಹಾಗಾಗಿ ನಡುವನ್ನು ಮಾತ್ರ ಬಿಡಿ.

ನಮ್ಮ ಕಡೆಯ ಮನೆಗಳಿಗೆ ಇದನ್ನು ಇಳಿಸಿ ನೋಡೋಣ. ಕಿಟಕಿಯ ಕೆಳ ಹಲಗೆ ಸಾಮಾನ್ಯವಾಗಿ ನೆಲದಿಂದ 3 ಅಡಿ, ಕಿಟಕಿಯ ಮೇಲಿನ ಲಿಂಟೆಲ್ ತೊಲೆ 7 ಅಡಿ. ರಾಡು ಅದಕ್ಕಿಂತ 4 ಇಂಚು ಮೇಲೆ, ಅಂದರೆ 88 ಇಂಚಿನಲ್ಲಿದೆ ಎನ್ನಿ. 7 ಅಡಿಯ ಪರದೆ ಹಾಕಿದರೆ ಅದರ ಕೆಳ ಅಂಚು ನೆಲದಿಂದ 4 ಇಂಚು ಮೇಲೆ ನಿಲ್ಲುತ್ತದೆ. ಪರದೆಯ ಮೂರನೇ ಒಂದು ಪಾಲು 28 ಇಂಚು. ಆದ್ದರಿಂದ ಕೆಳಗಿನ ಜಾಗ ನೆಲದಿಂದ 32 ಇಂಚು, ಹಲಗೆಗಿಂತ ತುಸು ಕೆಳಗೆ. ಮೇಲಿನ ಜಾಗ 60 ಇಂಚು. 5 ಅಡಿಯ ಪರದೆಯಾದರೆ ಅಂಚು 28 ಇಂಚಿನಲ್ಲಿ ನಿಲ್ಲುತ್ತದೆ, ಕೆಳಗಿನ ಕೊಕ್ಕೆ 48 ಇಂಚಿಗೆ, ಅಂದರೆ ಹಲಗೆಯಿಂದ ಒಂದು ಅಡಿ ಮೇಲಕ್ಕೆ ಬರುತ್ತದೆ.

ನಮ್ಮ ಮನೆಯಲ್ಲಿ ತಪ್ಪಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಪರದೆಯನ್ನು ಕೊಕ್ಕೆಗೆ ಎಳೆದಾಗ ಅದರ ಒಳ ಅಂಚು ನೇರವಾಗಿ ಇಳಿಯುವುದಿಲ್ಲ, ಓರೆಯಾಗಿ ಹೋಗುತ್ತದೆ. ಓರೆಯ ದಾರಿ ಉದ್ದ. ಹೆಚ್ಚಾದ ಆ ಉದ್ದಕ್ಕೆ ಬೇಕಾದ ಬಟ್ಟೆ ಕೆಳಗಿನಿಂದಲೇ ಬರಬೇಕು. ಹಾಗಾಗಿ ಅಂಚು ಮೇಲೇರುತ್ತದೆ. ರಾಡು 6 ಅಡಿಯದ್ದು, ಎರಡು ಪರದೆಗಳು ಮೇಲ್ಗಡೆ ನಡುವಿನಲ್ಲಿ ಕೂಡಿಯೇ ಇವೆ, ಕೊಕ್ಕೆ ರಾಡಿನ ತುದಿಯ ನೇರಕ್ಕಿದೆ ಎಂದುಕೊಳ್ಳಿ. ಆಗ ಒಳ ಅಂಚು ಅಡ್ಡಕ್ಕೆ 36 ಇಂಚು ಸಾಗಬೇಕು. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕವನ್ನೇ ಹಾಕಿದರೆ, ಕೊಕ್ಕೆ 32 ಇಂಚಿನಲ್ಲಿದ್ದಾಗ ಅಂಚು ಸುಮಾರು 10ರಿಂದ 11 ಇಂಚು ಏರುತ್ತದೆ. 48ರಲ್ಲಿದ್ದರೆ 14 ಇಂಚು. 60ರಲ್ಲಿದ್ದರೆ 17ರಿಂದ 18 ಇಂಚು. ಕೊಕ್ಕೆ ಮೇಲೆ ಹೋದಷ್ಟೂ ಅಂಚು ಹೆಚ್ಚು ಏರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. 5 ಅಡಿಯ ಪರದೆಯನ್ನು ಮೇಲ್ಗಡೆ ಕೂಡಿಸಿಟ್ಟು ಕೆಳಗೆ ಮಾತ್ರ ಬಾಗಿಸಬೇಡಿ. ಕೊಕ್ಕೆಯ ಕೆಳಗೆ ಬರೀ ಆರು ಇಂಚು ಬಾಲ ಉಳಿಯುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಅಂಥ ಪರದೆಯನ್ನು ಮೊದಲು ರಾಡಿನ ಮೇಲೆ ಪಕ್ಕಕ್ಕೆ ಸರಿಸಿ, ನಂತರ ಸಿಕ್ಕಿಸಿ. ಓರೆ ಕಡಿಮೆಯಾಗಿ ಏರಿಕೆಯೂ ಕಡಿಮೆಯಾಗುತ್ತದೆ. ದೇವಸ್ಥಾನದ ತೆರೆಯ ಹಾಗೆ ಎರಡು ಕಡೆ ಬಾಗಿದ ಪರದೆಯೇ ಬೇಕೆಂದರೆ 7 ಅಡಿಯದ್ದನ್ನು (ರಾಡು ಇನ್ನೂ ಎತ್ತರದಲ್ಲಿದ್ದರೆ 9 ಅಡಿಯದ್ದನ್ನು) ತೆಗೆದುಕೊಂಡು ಕೊಕ್ಕೆಯನ್ನು ಕೆಳಗಿನ ಜಾಗದಲ್ಲಿ ಇಡಿ.

ಬೆಳಕಿನ ವಿಚಾರ ಬೇರೆ. ಕೆಳಗೆ ಕಟ್ಟಿದ ಪರದೆ ಗಾಜಿನ ಮೇಲ್ಭಾಗವನ್ನೂ ಪಕ್ಕಗಳನ್ನೂ ಹೆಚ್ಚು ಮುಚ್ಚುತ್ತದೆ. ಮೇಲೆ ಕಟ್ಟಿದರೆ ಕಿಟಕಿಯ ಕೆಳಭಾಗ ಪೂರ್ತಿ ತೆರೆಯುತ್ತದೆ. ಆಷಾಢದ ಮೋಡದಲ್ಲಿ ಹಗಲೇ ದೀಪ ಹಾಕಬೇಕಾಗುವ ಊರಿನವರು ಎರಡನೆಯದನ್ನು ಯೋಚಿಸಬಹುದು, ಅಥವಾ ಪರದೆಯನ್ನು ಮೇಲೂ ಪೂರ್ತಿ ಸರಿಸುವ ಅಭ್ಯಾಸ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಂದದ ಲೆಕ್ಕ ಹಿಂದೆ ಸರಿಯಲಿ. 32 ಇಂಚು ಎಂದರೆ ಓಡಾಡುವ ಪುಟ್ಟ ಮಗುವಿನ ಮುಖದ ಮಟ್ಟ. ಚೂಪು ತುದಿಯ ತೋಳನ್ನು ಅಲ್ಲಿ ಹಾಕಲೇಬೇಡಿ. ಗುಂಡು ಬಿಲ್ಲೆಯನ್ನು ಆರಿಸಿಕೊಳ್ಳಿ ಅಥವಾ ಎತ್ತರಕ್ಕೆ ಹೋಗಿ. ಹುರಿಯ ಟೈಬ್ಯಾಕ್ ಸಡಿಲವಾಗಿ ಕುಣಿಕೆಯಂತೆ ನೇತಾಡುವುದು ಮಗುವಿನ ಕೊರಳಿಗೆ ನಿಜವಾದ ಅಪಾಯ. ಬಳಸದಿದ್ದಾಗ ಅದನ್ನು ಕೊಕ್ಕೆಯಿಂದ ತೆಗೆದು ಒಳಗಿಡಿ.

ಅಡ್ಡದ ಜಾಗ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ರಾಡಿನ ಕೊನೆಯ ಬಳೆಯಿಂದ ನೇರವಾಗಿ ಕೆಳಗೆ ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಡಿ. ಆ ಗೆರೆಯ ಮೇಲೆ ಅಥವಾ ಅದರಿಂದ ಒಂದಿಂಚು ಒಳಗೆ ಕೊಕ್ಕೆ ಇದ್ದರೆ ಪರದೆಯ ಹೊರ ಅಂಚು ನೇರವಾಗಿ ಇಳಿಯುತ್ತದೆ. ಗೆರೆಯ ಹೊರಗೆ ಹೋದರೆ ಪರದೆ ಗೋಡೆಯ ಕಡೆಗೆ ಎಳೆದುಕೊಂಡಂತೆ ಕಾಣುತ್ತದೆ. ಕಿಟಕಿಯ ಚೌಕಟ್ಟಿನಿಂದ ಕೊಕ್ಕೆಗೆ ಕನಿಷ್ಠ 3 ಇಂಚು ಅಂತರವಿರಲಿ. ಗೋಡೆಯ ಮೂಲೆಗೆ ತೀರಾ ಹತ್ತಿರ ಕೊರೆದರೆ ಗಿಲಾವು ಸಿಡಿದು ಬೀಳುತ್ತದೆ. ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವುದಾದರೆ ಅದನ್ನು ಪೂರ್ತಿ ತೆರೆದು, ಕೊಕ್ಕೆಗೆ ಬಡಿಯುವುದಿಲ್ಲವೆಂದು ನೋಡಿಯೇ ಮುಂದುವರಿಯಿರಿ. ಕಪಾಟು, ಸೋಫಾದ ಬೆನ್ನು, ಮಂಚದ ತಲೆಹಲಗೆ ಇವನ್ನೂ ಮರೆಯಬೇಡಿ.

ಎರಡೂ ಕಡೆ ಒಂದೇ ಮಟ್ಟ

ನೆಲದಿಂದ ಅಳೆದರೆ ಮೋಸಹೋಗುತ್ತೀರಿ. ನೀರು ಹರಿಯಲೆಂದೋ ಕೆಲಸದ ಓರೆಯಿಂದಲೋ ನೆಲಗಳು ಅರ್ಧ ಇಂಚು ಆಚೀಚೆ ಇರುವುದು ಸಾಮಾನ್ಯ. ನೆಟ್ಟಗಿರುವ ರಾಡಿನಿಂದ ಕೆಳಗೆ ಅಳೆಯಿರಿ. ಎರಡು ಗುರುತುಗಳು ಒಂದೇ ಮಟ್ಟದಲ್ಲಿವೆಯೇ ಎಂದು ತಿಳಿಯಲು ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಪೈಪಿಗಿಂತ ಒಳ್ಳೆಯ ಸಾಧನವಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಹತ್ತು ಅಡಿ ಪೈಪು ತಂದು, ಗುಳ್ಳೆ ಇಲ್ಲದಂತೆ ಮುಕ್ಕಾಲು ನೀರು ತುಂಬಿ, ಒಂದು ತುದಿಯನ್ನು ಎಡ ಗುರುತಿಗೂ ಇನ್ನೊಂದನ್ನು ಬಲ ಗುರುತಿಗೂ ಹಿಡಿಯಿರಿ. ನೀರು ನಿಂತ ಗೆರೆಯೇ ಮಟ್ಟ. ಕಿಟಕಿ ಎಷ್ಟೇ ಅಗಲವಿದ್ದರೂ ಇದು ತಪ್ಪುವುದಿಲ್ಲ. ಪುಟ್ಟ ರಸಮಟ್ಟ ಅಷ್ಟು ದೂರಕ್ಕೆ ಸಾಲದು.

ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿ, ಅದರ ಮೇಲೆ ಕೊಕ್ಕೆಯ ತಳವನ್ನಿಟ್ಟು ತೂತುಗಳನ್ನು ಪೆನ್ಸಿಲ್‌ನಿಂದ ಚುಕ್ಕಿ ಮಾಡಿ. ಬಾಗಿದ ತೋಳಾದರೆ ಎಡ ಬಲ ಬೇರೆ ಎಂಬುದು ನೆನಪಿರಲಿ. ಬಟ್ಟೆ ಸದಾ ಕಿಟಕಿಯ ಕಡೆಗೆ ಮರಳಲು ಒತ್ತುತ್ತದೆ, ಆದ್ದರಿಂದ ತೋಳಿನ ತೆರೆದ ಬಾಯಿ ಕಿಟಕಿಗೆ ಬೆನ್ನು ಮಾಡಿರಬೇಕು. ಗುರುತು ಮಾಡಿದ ಮೇಲೆ ಒಂದು ದಿನ ಹಾಗೆಯೇ ಬಿಡಿ. ಬೆಳಗ್ಗೆ, ಸಂಜೆ, ದೀಪದ ಬೆಳಕಿನಲ್ಲಿ ನೋಡಿ. ಟೇಪನ್ನು ಸರಿಸುವುದು ಸುಲಭ, ತೂತನ್ನು ಸರಿಸಲಾಗದು.

ಗೋಡೆಯ ಒಳಗೆ ಏನಿದೆ

ಮೊದಲು ವಿದ್ಯುತ್ತು. ನಮ್ಮ ಮನೆಗಳಲ್ಲಿ ಗೋಡೆಯೊಳಗಿನ ವೈರಿನ ಪೈಪು ಹೆಚ್ಚಾಗಿ ಸೂರಿನಿಂದ ಸ್ವಿಚ್‌ಬೋರ್ಡಿಗೆ ನೇರವಾಗಿ ಇಳಿಯುತ್ತದೆ, ಬೋರ್ಡಿನಿಂದ ಕೆಳಗಿನ ಸಾಕೆಟ್ಟಿಗೂ ಹಾಗೆಯೇ. ಎರಡು ಬೋರ್ಡುಗಳ ನಡುವೆ ಅಡ್ಡಕ್ಕೂ ಹೋಗಿರಬಹುದು. ಸ್ವಿಚ್, ಸಾಕೆಟ್, ಎ.ಸಿ. ಪಾಯಿಂಟುಗಳ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕದಲ್ಲಿ ಕೊರೆಯಬೇಡಿ. ಆ ಕೋಣೆಯ ವಿದ್ಯುತ್ತು ಕಡಿಯುವ ಎಂ.ಸಿ.ಬಿ. ಸ್ವಿಚ್ ಇಳಿಸಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಳ್ಳಿ. ಗೋಡೆಯ ಆಚೆ ಬಚ್ಚಲಮನೆ ಇದ್ದರೆ ನೀರಿನ ಪೈಪು ಎಲ್ಲಿದೆ ಎಂದು ಹೋಗಿ ನಲ್ಲಿಗಳ ಸಾಲನ್ನು ನೋಡಿ.

ಎರಡನೆಯದು ಗೋಡೆಯ ಜಾತಿ. ಕೊರೆಯಲು ಆರಂಭಿಸಿದಾಗ ಹೊರಬರುವ ಧೂಳೇ ಅದನ್ನು ಹೇಳುತ್ತದೆ. ಮೊದಲ ಅರ್ಧ ಇಂಚಿನಷ್ಟು ಬೂದುಬಣ್ಣದ ಗಿಲಾವು ಎಲ್ಲೆಡೆ ಇದ್ದದ್ದೇ. ಅದನ್ನು ದಾಟಿದ ಮೇಲೆ ಗಮನಿಸಿ.

ಕೆಂಪು ಧೂಳು ಬಂದರೆ ಸುಟ್ಟ ಇಟ್ಟಿಗೆ. ಇದಕ್ಕಿಂತ ಒಳ್ಳೆಯ ಗೋಡೆ ಬೇಡ. 6 ಮಿ.ಮೀ. ಬಿಟ್ (ಡ್ರಿಲ್ಲಿನ ಕೊರೆಯುವ ಕಡ್ಡಿ), 6 ಮಿ.ಮೀ. ಪ್ಲಾಸ್ಟಿಕ್ ರಾವಲ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂ ಹಿಡಿಯುವ ಬಿರಡೆ), 8 ನಂಬರಿನ ಒಂದೂವರೆ ಇಂಚಿನ ಸ್ಕ್ರೂ ಸಾಕು. ಕೆಂಪು ಬರದೆ ಬೂದು ಮರಳೇ ಉದುರುತ್ತಿದ್ದರೆ ಎರಡು ಇಟ್ಟಿಗೆಗಳ ನಡುವಿನ ಗಾರೆಗೆ ಬಿದ್ದಿದ್ದೀರಿ. ಅಲ್ಲಿ ಪ್ಲಗ್ ಹಿಡಿಯುವುದು ಕಡಿಮೆ. ಒಂದಿಂಚು ಮೇಲೋ ಕೆಳಗೋ ಹೋಗಿ, ಇನ್ನೊಂದು ಬದಿಯ ಗುರುತನ್ನೂ ಅಷ್ಟೇ ಸರಿಸಿ.

ಬಿಳಿ ಹಿಟ್ಟಿನಂಥ ಧೂಳು ಬಂದು, ಬಿಟ್ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಅದು ಎ.ಎ.ಸಿ. ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇದು ಸಾಮಾನ್ಯ. ಕೂಡಲೇ ಡ್ರಿಲ್ಲಿನ ಹ್ಯಾಮರ್, ಅಂದರೆ ಗುದ್ದಿ ಕೊರೆಯುವುದನ್ನು ನಿಲ್ಲಿಸಿ, ಬರೀ ತಿರುಗಿಸಿ ಕೊರೆಯಿರಿ. ಗುದ್ದಿದರೆ ತೂತು ದೊಡ್ಡದಾಗುತ್ತದೆ. ಈ ಬ್ಲಾಕಿಗೆಂದೇ ಮಾಡಿದ, ಅಗಲ ರೆಕ್ಕೆಗಳಿರುವ ಉದ್ದದ ಪ್ಲಗ್ ಸಿಗುತ್ತದೆ, ಅದನ್ನೇ ಹಾಕಿ. ಮಾಮೂಲಿ ಪ್ಲಗ್ ಕೆಲವು ತಿಂಗಳಲ್ಲಿ ಕೈಗೆ ಬರುತ್ತದೆ.

ಬಿಟ್ ಕಿರುಚುತ್ತಾ ಮುಂದೆ ಹೋಗದಿದ್ದರೆ ಕಾಂಕ್ರೀಟ್. ಅಚ್ಚಿನಲ್ಲಿ ಎರಕ ಹೊಯ್ದು ಕಟ್ಟಿದ ಬಹುಮಹಡಿ ಮನೆಗಳಲ್ಲಿ ಎಲ್ಲ ಗೋಡೆಗಳೂ ಹೀಗೆಯೇ ಇರಬಹುದು. ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ನಡುವೆ ಲೋಹ ತಾಗಿದರೆ ಕಬ್ಬಿಣದ ಸರಳು ಸಿಕ್ಕಿದೆ ಎಂದರ್ಥ. ಅದನ್ನು ಕೊರೆಯಲು ಹೋಗದೆ ಪಕ್ಕಕ್ಕೆ ಸರಿಯಿರಿ.

ಒಮ್ಮೆಲೇ ಬಿಟ್ ಒಳಕ್ಕೆ ಜಾರಿ ಟೊಳ್ಳು ಸಿಕ್ಕಿದರೆ ಹಾಲೋ ಬ್ಲಾಕ್. ಒಳಗೆ ಹೋಗಿ ರೆಕ್ಕೆ ಬಿಚ್ಚುವ ಆಂಕರ್ ಅಲ್ಲಿಗೆ ಬೇಕು.

ಕರಾವಳಿಯಲ್ಲಿ ಕೆಂಪುಕಲ್ಲು, ಮುರಕಲ್ಲು, ಚಿರೆಕಲ್ಲು ಎಂದು ಊರಿಗೊಂದು ಹೆಸರಿರುವ ಜಂಬಿಟ್ಟಿಗೆಯ ಗೋಡೆ ಸ್ವಲ್ಪ ಕಷ್ಟದ್ದು. ಕಲ್ಲಿನಲ್ಲಿ ಹುಟ್ಟಿನಿಂದಲೇ ರಂಧ್ರಗಳಿರುವುದರಿಂದ 6 ಮಿ.ಮೀ. ತೂತು ಎಲ್ಲೋ ಒಳಗೆ ಅಗಲವಾಗಿಬಿಡುತ್ತದೆ. ಅಲ್ಲಿ 8 ಮಿ.ಮೀ.ಯ ಎರಡು ಇಂಚು ಉದ್ದದ ಪ್ಲಗ್ ಹಾಕಿ. ಆಗಲೂ ಸಡಿಲವೆನಿಸಿದರೆ ಎಂ-ಸೀಲ್‌ನಂಥ ಅಂಟುಹಿಟ್ಟನ್ನು ತೂತಿಗೆ ತುಂಬಿ, ಪ್ಲಗ್ ಒತ್ತಿ, ಒಂದು ರಾತ್ರಿ ಬಿಟ್ಟು ಸ್ಕ್ರೂ ತಿರುಗಿಸಿ.

ಹಳೆಯ ಮಣ್ಣಿನ ಗೋಡೆಯನ್ನು ಕೊರೆಯಲೇಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅಂಥ ಮನೆಗಳಲ್ಲಿ ತೇಗ, ಮತ್ತಿ ಅಥವಾ ಹಲಸಿನ ದಪ್ಪ ಚೌಕಟ್ಟು ಇರುತ್ತದೆ. ಕೊಕ್ಕೆ ಅದಕ್ಕೇ ಇರಲಿ. 2.5 ಮಿ.ಮೀ. ಬಿಟ್‌ನಿಂದ ಮೊದಲು ದಾರಿ ಮಾಡಿ, ಸ್ಕ್ರೂವಿನ ಎಳೆಗೆ ಸೋಪು ಸವರಿ ತಿರುಗಿಸಿದರೆ ಮರ ಸೀಳುವುದಿಲ್ಲ.

ಕೊರೆಯುವುದು, ಬಿಗಿಯುವುದು

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಹಳೆಯ ಲಕೋಟೆಯೊಂದನ್ನು ಬಾಯಿ ತೆರೆದು ಗುರುತಿನ ಕೆಳಗೆ ಟೇಪಿನಿಂದ ಅಂಟಿಸಿದರೆ ಧೂಳು ಅದರಲ್ಲೇ ಬೀಳುತ್ತದೆ. ಪರದೆಯನ್ನು ರಾಡಿನ ಆಚೆ ತುದಿಗೆ ಸರಿಸಿ ಹಳೆ ಬೆಡ್‌ಶೀಟು ಹೊದಿಸಿ. ಬಿಟ್‌ನ ಮೇಲೆ ತುದಿಯಿಂದ 45 ಮಿ.ಮೀ. ದೂರಕ್ಕೆ (ಉದ್ದದ ಪ್ಲಗ್ ಆದರೆ ಅದರ ಉದ್ದಕ್ಕಿಂತ ತುಸು ಹೆಚ್ಚು ದೂರಕ್ಕೆ) ಟೇಪು ಸುತ್ತಿ. ಆ ಗೆರೆ ಗೋಡೆ ಮುಟ್ಟಿದಾಗ ಆಳ ಸಾಕು. ಆರಂಭದಲ್ಲಿ ಹ್ಯಾಮರ್ ಇಲ್ಲದೆ ನಿಧಾನವಾಗಿ ತಿರುಗಿಸಿ ಗಿಲಾವಿನಲ್ಲಿ ಗುಣಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿಟ್ ಜಾರಿ ಬಣ್ಣ ಕೆತ್ತುತ್ತದೆ. ಆಮೇಲೆ ಹ್ಯಾಮರ್ ಹಾಕಿ, ಡ್ರಿಲ್ಲನ್ನು ಗೋಡೆಗೆ ನೆಟ್ಟಗೆ ಹಿಡಿದು, ಮೈಭಾರ ಹಾಕದೆ ಒತ್ತಿ.

ತೂತಿನೊಳಗಿನ ಧೂಳನ್ನು ತೆಗೆಯದೆ ಪ್ಲಗ್ ಹಾಕುವುದೇ ಕೊಕ್ಕೆ ಕಳಚಲು ದೊಡ್ಡ ಕಾರಣ. ಸೈಕಲ್ ಪಂಪಿನಿಂದ ಎರಡು ಬಾರಿ ಗಾಳಿ ಹೊಡೆಯಿರಿ. ಪ್ಲಗ್ ಸಣ್ಣ ಸುತ್ತಿಗೆಯ ಮೆಲುಪೆಟ್ಟಿಗೆ ಒಳಹೋಗಬೇಕು. ಬೆರಳಿಗೇ ಒಳಹೋದರೆ ತೂತು ದೊಡ್ಡದಾಗಿದೆ. ಪ್ಲಗ್‌ನ ತುದಿ ಗಿಲಾವನ್ನು ದಾಟಿ ಇಟ್ಟಿಗೆಯಲ್ಲಿ ಕೂರಬೇಕು, ತಲೆ ಗೋಡೆಗೆ ಸಮನಾಗಿರಬೇಕು. ಸ್ಕ್ರೂಗಳನ್ನು ಕೈಯ ಸ್ಕ್ರೂಡ್ರೈವರಿನಿಂದಲೇ ಬಿಗಿಯಿರಿ. ಎರಡು ಸ್ಕ್ರೂಗಳ ತಳವಾದರೆ ಎರಡನ್ನೂ ಮುಕ್ಕಾಲು ತಿರುಗಿಸಿ, ತೋಳು ನೇರವಾಗಿದೆಯೇ ನೋಡಿ, ನಂತರ ಪೂರ್ತಿ ಬಿಗಿಯಿರಿ. ಕೊಕ್ಕೆಯನ್ನು ಹಿಡಿದು ಪಕ್ಕಕ್ಕೆ ಎಳೆದರೆ ಅಲುಗಬಾರದು.

ಬಾಡಿಗೆ ಮನೆಯಲ್ಲಿ ಕೊರೆಯಲು ಮಾಲೀಕರು ಒಪ್ಪದಿದ್ದರೆ ಅಯಸ್ಕಾಂತದ ಟೈಬ್ಯಾಕ್ ಇದೆ. ಅದು ಪರದೆಯನ್ನು ಸುತ್ತಿ ತನಗೆ ತಾನೇ ಅಂಟಿಕೊಳ್ಳುತ್ತದೆ, ಗೋಡೆಯ ಹಂಗಿಲ್ಲ. ಕಿಟಕಿಗೆ ಕಬ್ಬಿಣದ ಗ್ರಿಲ್ ಇದ್ದರೆ ಪಟ್ಟಿಯ ತುದಿಯನ್ನು ಅದಕ್ಕೇ ಕಟ್ಟಬಹುದು. ಅಂಟಿಸುವ ಕೊಕ್ಕೆಯನ್ನು ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಗೆ ಹಚ್ಚಬೇಡಿ. ಬಣ್ಣದ ಪದರದ ಸಮೇತ ಕಳಚಿ ಬೀಳುತ್ತದೆ.

ಪರದೆಯನ್ನು ಸಿಕ್ಕಿಸುವುದು

ಪರದೆಯನ್ನು ಮೊದಲು ಮೇಲಿನಿಂದ ಕೆಳಗಿನವರೆಗೆ ನೆರಿಗೆಯಾಗಿ ಕೂಡಿಸಿಕೊಳ್ಳಿ, ಸೀರೆಯ ನೆರಿಗೆ ಹಿಡಿಯುವಂತೆಯೇ. ನೆರಿಗೆಗಳನ್ನು ಕೈಯಲ್ಲಿ ಸಮ ಮಾಡಿ ಕೊಕ್ಕೆಯ ಹಿಂದೆ ತೂರಿಸಿ. ನಂತರ ಕೊಕ್ಕೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಿನಿಂದ ತುಸು ಮೇಲಕ್ಕೆ ಎಳೆದು ಉಬ್ಬಿಸಿದರೆ ಬಿಗಿತ ಹೋಗಿ ಬಳುಕು ಬರುತ್ತದೆ. ಒಂದು ಬದಿ ಮುಗಿಸಿ ಹಿಂದೆ ಸರಿದು ನೋಡಿ, ಇನ್ನೊಂದನ್ನು ಅದಕ್ಕೆ ಹೊಂದಿಸಿ. ದಪ್ಪ ಬಟ್ಟೆಗೆ ಬಾಗು ನಿಲ್ಲದಿದ್ದರೆ ಎರಡು ಮೂರು ದಿನ ಬಿಚ್ಚದೆ ಬಿಡಿ, ಬಟ್ಟೆ ಅದೇ ಮಡಿಕೆಗೆ ಒಗ್ಗಿಕೊಳ್ಳುತ್ತದೆ. ರೇಷ್ಮೆಯ ಪರದೆಯನ್ನು ಮಾತ್ರ ವಾರಗಟ್ಟಲೆ ಒಂದೇ ಮಡಿಕೆಯಲ್ಲಿ ಬಿಡಬೇಡಿ. ಬಿಸಿಲು ಬಿದ್ದ ಭಾಗ ಮಾಸಿ, ಬಿಚ್ಚಿದಾಗ ಪಟ್ಟೆಪಟ್ಟೆಯಾಗಿ ಕಾಣುತ್ತದೆ.

ಹದಿನೈದು ದಿನಗಳ ಬಳಿಕ ಒಮ್ಮೆ ಸ್ಕ್ರೂಗಳನ್ನು ಮುಟ್ಟಿ ನೋಡಿ, ಸಡಿಲವಾಗಿದ್ದರೆ ಅರ್ಧ ಸುತ್ತು ಬಿಗಿಯಿರಿ. ನಮ್ಮ ಮನೆಯ ಎರಡನೇ ಸಲದ ಕೊಕ್ಕೆಗಳು ನೆಲದಿಂದ 33 ಇಂಚಿನಲ್ಲಿವೆ. ಪರದೆಯನ್ನು 7 ಅಡಿಯದ್ದಕ್ಕೆ ಬದಲಾಯಿಸಿದೆವು. ಈಗ ಬೆಳಗ್ಗೆ ಏಳಕ್ಕೆ ಪರದೆ ಸಿಕ್ಕಿಸಿದರೆ ಮಧ್ಯಾಹ್ನ ಮೂರರವರೆಗೆ ಫ್ಯಾನು ಎಷ್ಟು ತಿರುಗಿದರೂ ಅದು ಕದಲುವುದಿಲ್ಲ.